ಹಳೇ ಗುಡಿಗೆ ಗ್ರಾನೈಟ್ ಹಾಸುವ ಮುಂಚೆ: ಜೀರ್ಣೋದ್ಧಾರ ಸಮಿತಿಯ ಹಿರಿಯರಿಗೆ ಒಬ್ಬ ಗೌಂಡಿಯ ಪತ್ರ

ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಗುಡಿ ಜೀರ್ಣೋದ್ಧಾರಕ್ಕೆ ಓಡಾಡುತ್ತಿರುವ ಹಿರಿಯರಿಗೆ, ಪಂಚಾಯ್ತಿ ಸದಸ್ಯರಿಗೆ, ಓಣಿ ಓಣಿ ತಿರುಗಿ ವಂತಿಗೆ ಎತ್ತುವ ಹುಡುಗರಿಗೆ ನಮಸ್ಕಾರ.

ನಾನು ಗೌಂಡಿ. ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಲ್ಸ್ ಮತ್ತು ಗ್ರಾನೈಟ್ ಹಾಸುವ ಕೆಲಸ ಮಾಡುತ್ತಿದ್ದೇನೆ. ಹುಟ್ಟಿ ಬೆಳೆದದ್ದು ಹಾವೇರಿ ಜಿಲ್ಲೆಯಲ್ಲಿ, ವರದಾ ಹೊಳೆಯ ಕಡೆ. ಮನೆ, ಅಂಗಡಿ, ಕಲ್ಯಾಣ ಮಂಟಪ, ದವಾಖಾನೆ, ಎಲ್ಲಾ ಕಡೆ ಕಲ್ಲು ಹಾಸಿದ್ದೇನೆ. ಗುಡಿ ಕೆಲಸ ಬಂದರೆ ಮಾತ್ರ ಕೂಲಿ ಕಡಿಮೆ ಹಿಡಿಯುತ್ತಿದ್ದೆ. ದೇವರ ಕೆಲಸ ಅಲ್ವಾ, ಅದರಲ್ಲಿ ಏನು ಲಾಭ ನೋಡುವುದು ಅಂತ. ಈ ಪತ್ರ ಅಂಥದೇ ಒಂದು ದೇವರ ಕೆಲಸದ ಬಗ್ಗೆ. ಅದನ್ನು ಮಾಡಿದವನು ನಾನೇ. ಅದು ತಪ್ಪು ಕೆಲಸವಾಗಿತ್ತು. ಈ ವರ್ಷ ನಿಮ್ಮಲ್ಲಿ ಎಷ್ಟೋ ಊರುಗಳು ಅದೇ ಕೆಲಸಕ್ಕೆ ರಸೀದಿ ಪುಸ್ತಕ ಅಚ್ಚು ಹಾಕಿಸಿರುವುದನ್ನು ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತು ವರ್ಷದ ಹಿಂದಿನ ಮಾತು. ಊರಿನ ಹೆಸರು ಬೇಡ. ಅಲ್ಲಿಯ ಜನ ಒಳ್ಳೆಯವರು, ಭಕ್ತಿಯಿಂದಲೇ ಎಲ್ಲಾ ಮಾಡಿಸಿದರು. ಅಗಸಿಯಿಂದ ಹೊರಗೆ, ಕೆರೆಯ ಏರಿ ಹತ್ತಿರ ಒಂದು ಕಲ್ಮೇಶ್ವರನ ಗುಡಿ. ಚಿಕ್ಕದು. ಒಂದು ಗರ್ಭಗುಡಿ, ಅದರ ಮುಂದೆ ಸಣ್ಣ ಅಂತರಾಳ, ಅದರ ಮುಂದೆ ನಾಲ್ಕು ಕಂಬದ ಮಂಟಪ, ಅದಕ್ಕೆ ನವರಂಗ ಅಂತಾರೆ. ಮೇಲೆ ಶಿಖರ ಯಾವಾಗಲೋ ಬಿದ್ದು, ಅಲ್ಲಿ ಹುಲ್ಲು ಬೆಳೆದಿತ್ತು. ಒಳಗೆ ಕಾಲಿಟ್ಟರೆ ತಂಪು. ಆ ನಾಲ್ಕು ಕಂಬಗಳು ಎಷ್ಟು ನುಣುಪಾಗಿದ್ದವು ಅಂದರೆ, ಬಾಗಿಲಿನ ಬೆಳಕು ಬಿದ್ದಾಗ ನನ್ನ ನೆರಳು ಮಸುಕಾಗಿ ಅದರಲ್ಲಿ ಕಾಣುತ್ತಿತ್ತು. ಜಗಲಿಯ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿತ್ತು. ಯಾವ ಕಾಲದ ದನಗಾಹಿ ಹುಡುಗರು ಕೊರೆದದ್ದೋ, ಗೆರೆಗಳು ಸವೆದು ಸವೆದು ಬೆರಳಿಗೆ ಮಾತ್ರ ತಿಳಿಯುವಂತಿದ್ದವು.

ಸಮಿತಿಯವರು ಹೇಳಿದ ಕೆಲಸ ಮೂರು. ನೆಲಕ್ಕೆ ಗ್ರಾನೈಟ್, ಗೋಡೆಗೆ ಆಯಿಲ್ ಪೇಂಟ್, ಹೊರಗೆ ಸುತ್ತಲೂ ಕಾಂಕ್ರೀಟ್. ಹಣ ಕೂಡಿಸಿದ್ದು ಇಡೀ ಊರು. ಒಬ್ಬ ಮುದುಕಿ ಎರಡು ಚೀಲ ಜೋಳ ಮಾರಿದ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಂಥ ದುಡ್ಡು ಅದು.

ಎರಡನೇ ದಿನ ನವರಂಗದ ಎಡಗಡೆ, ಕಂಬದ ಬುಡದಲ್ಲಿ ಒಂದು ಹಾಸುಗಲ್ಲು ಸಿಕ್ಕಿತು. ಬೇರೆ ಕಲ್ಲುಗಳಿಗಿಂತ ಒಂದೂವರೆ ಇಂಚು ಎತ್ತರ. ನನಗೆ ಲೆವೆಲ್ ಕೂಡಲಿಲ್ಲ. ಮಂಡಿಯೂರಿ ಕೂತು ಬ್ರಶ್‌ನಿಂದ ಮಣ್ಣು ಬಳಿದೆ. ಮೇಲೆ ಸೂರ್ಯ, ಚಂದ್ರ. ನಡುವೆ ಲಿಂಗ. ಪಕ್ಕದಲ್ಲಿ ಕರುವಿಗೆ ಹಾಲೂಡಿಸುವ ಆಕಳು. ಅದರ ಕೆಳಗೆ ಸಾಲು ಸಾಲಾಗಿ ಅಕ್ಷರ. ದುಂಡಗೆ, ಒಂದಕ್ಕೊಂದು ತಾಗಿಕೊಂಡು, ಜೋಳದ ತೆನೆಯ ಕಾಳಿನ ಹಾಗೆ. ನನಗೆ ಓದಲು ಬರಲಿಲ್ಲ. ಆದರೆ ಅದು ಕನ್ನಡ ಅಂತ ತಿಳಿಯಿತು. ಒಂದು ‘ರ’ ಕಂಡಿತು, ಒಂದು ‘ಗ’ ಕಂಡ ಹಾಗಾಯಿತು.

ಅಲ್ಲಿದ್ದವರನ್ನು ಕೇಳಿದೆ. “ಏನೋ ಹಳೇ ಕಲ್ಲಪಾ, ಕೆಳಗ ಇರ್ಲಿ ಬಿಡು, ಮ್ಯಾಲೆ ಹಾಸು” ಅಂದರು. ನಾನೂ ಮತ್ತೊಂದು ಮಾತು ಆಡಲಿಲ್ಲ. ಎತ್ತರ ಇದ್ದ ಮೂಲೆಗೆ ಗ್ರೈಂಡರ್ ಹಚ್ಚಿದೆ. ಗ್ರಾನೈಟ್ ಕೊಯ್ಯುವಾಗ ಮಷಿನ್ ಕಿರುಚುತ್ತದೆ, ಕೈ ನಡುಗುತ್ತದೆ. ಇಲ್ಲಿ ಹಾಗೇನೂ ಆಗಲಿಲ್ಲ. ಬೆಣ್ಣೆಗೆ ಚಾಕು ಇಟ್ಟಂತೆ ಬ್ಲೇಡ್ ಇಳಿಯಿತು. ಬೂದಿ-ಹಸಿರು ಬಣ್ಣದ ಪುಡಿ ಎದ್ದಿತು. ಬೆರಳಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರ್ ಹಾಗೆ ಜಾರುತ್ತಿತ್ತು. ಮೂರು ಸಾಲು ಹೋದವು. ಉಳಿದದ್ದರ ಮೇಲೆ ಸಿಮೆಂಟ್ ಹಾಲು ಸುರಿದು, ಕರೀ ಗ್ರಾನೈಟ್ ಕೂಡಿಸಿದೆ. ಸಂಜೆ ಎಲ್ಲರೂ ಬಂದು ಚೆಂದ ಆಗೈತಿ ಅಂದರು. ನನಗೆ ಶಾಲು ಹೊದಿಸಿದರು.

ಆ ಕಲ್ಲಲ್ಲಿ ಏನು ಬರೆದಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಎರಡು ಮಳೆಗಾಲ ಕಳೆಯಿತು. ಸಮಿತಿಯವರು ಫೋನ್ ಮಾಡಿದರು. ಗರ್ಭಗುಡಿಯಲ್ಲಿ ನೀರು ನಿಲ್ಲುತ್ತಿದೆ, ಕಂಬಕ್ಕೆ ಬಿಳಿ ಬೂಷ್ಟು ಹಿಡಿದಿದೆ, ಬಂದು ನೋಡು ಅಂತ. ಹೋದೆ. ಅದು ಬೂಷ್ಟಲ್ಲ, ಉಪ್ಪು. ಇದನ್ನು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಸುಬಿನ ಜನ ಇದನ್ನು ಯಾರಿಗೂ ಹೇಳುವುದಿಲ್ಲ.

ಚಾಲುಕ್ಯರ ಕಾಲದ ಗುಡಿಗಳಲ್ಲಿ ಕಲ್ಲಿನ ಮೇಲೆ ಕಲ್ಲು ಇಟ್ಟಿರುತ್ತಾರೆ. ನಡುವೆ ಗಾರೆ ಇಲ್ಲ. ತೂಕ, ಹೊಂದಿಕೆ, ಅಲ್ಲಲ್ಲಿ ಕಬ್ಬಿಣದ ಕೊಂಡಿ, ಅಷ್ಟೇ. ನೆಲದ ಹಾಸುಗಲ್ಲುಗಳೂ ಹಾಗೆಯೇ. ಭೂಮಿಯಲ್ಲಿರುವ ಪಸೆ ಆ ಸಂದಿಗಳಿಂದ ಮೇಲೆ ಬಂದು ಗಾಳಿಗೆ ಆರಿಹೋಗುತ್ತದೆ. ಗುಡಿ ಉಸಿರಾಡುತ್ತದೆ ಅನ್ನಿ. ನಾನು ಸಿಮೆಂಟ್ ಸುರಿದು, ಗ್ರಾನೈಟ್ ಹಾಸಿ ಆ ಸಂದಿಗಳನ್ನೆಲ್ಲಾ ಮುಚ್ಚಿದೆ. ಗೋಡೆಗೆ ಆಯಿಲ್ ಪೇಂಟ್ ಬಿತ್ತು, ಅಲ್ಲಿಯೂ ದಾರಿ ಬಂದ್. ಪಸೆಗೆ ಉಳಿದ ದಾರಿ ಒಂದೇ, ಬಣ್ಣ ಹಚ್ಚದೇ ಬಿಟ್ಟ ಆ ನಾಲ್ಕು ಕಂಬ. ನೀರು ಕಂಬದ ಒಳಗಿಂದ ಏರಿತು. ಮಣ್ಣಿನ ಉಪ್ಪು, ಸಿಮೆಂಟಿನ ಉಪ್ಪು ಎರಡನ್ನೂ ಜೊತೆಗೆ ತಂದಿತು. ನೀರು ಆರಿತು, ಉಪ್ಪು ಉಳಿಯಿತು. ಉಪ್ಪು ಹರಳುಗಟ್ಟುವಾಗ ಉಬ್ಬುತ್ತದೆ. ಉಬ್ಬಿ ಕಲ್ಲಿನ ಮೈಯನ್ನು ಈರುಳ್ಳಿ ಸಿಪ್ಪೆಯ ಹಾಗೆ ಎಬ್ಬಿಸುತ್ತದೆ. ನನ್ನ ನೆರಳು ಕಂಡಿದ್ದ ಕಂಬದ ಬುಡದಲ್ಲಿ ಅಂಗೈಯಷ್ಟು ಚಕ್ಕೆ ಎದ್ದಿತ್ತು. ಮುಟ್ಟಿದೆ. ಕೈಗೇ ಬಂತು.

ಇನ್ನು ಗರ್ಭಗುಡಿಯ ನೀರು. ಹಳೇ ಗುಡಿ ಜಗಲಿಯ ಮೇಲೆ ಎತ್ತರದಲ್ಲಿ ನಿಂತಿರುತ್ತದೆ. ಮಳೆ ನೀರು ಸುತ್ತಲೂ ಕೆಳಗೆ ಹರಿದುಹೋಗಲಿ ಅಂತ. ನಾವು ಹೊರಗೆ ಮುರಂ ಸುರಿದು ಕಾಂಕ್ರೀಟ್ ಹಾಕಿ ಅಂಗಳವನ್ನೇ ಜಗಲಿಯ ಮಟ್ಟಕ್ಕೆ ಎತ್ತಿದ್ದೆವು. ತೇರು ಎಳೆಯಲು ಸಪಾಟಾಗಿ ಇರಲಿ ಅಂತ. ಅಭಿಷೇಕದ ನೀರು ಹೊರಗೆ ಹೋಗುವ ಗೋಮುಖ ಅರ್ಧ ಹೂತುಹೋಗಿತ್ತು. ನೀರು ಎಲ್ಲಿಗೆ ಹೋಗಬೇಕು? ಒಳಗೇ ಬಂತು. ಸಾವಿರ ವರ್ಷ ಒಣಗಿದ್ದ ಗರ್ಭಗುಡಿ ನನ್ನ ಒಂದು ವಾರದ ಕೆಲಸದಿಂದ ಒದ್ದೆಯಾಯಿತು.

ಆಗಲೂ ನಾನು ಪೂರ್ತಿ ಎಚ್ಚರ ಆಗಲಿಲ್ಲ. ವಾಟರ್ ಪ್ರೂಫಿಂಗ್ ಮಾಡೋಣ ಅಂದು ಬಂದೆ.

ನನ್ನ ಮಗಳು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಳೆ. ಶಾಸನ ಓದುವುದೂ ಅವಳಿಗೆ ಒಂದು ಪಾಠ. ಹೋದ ವರ್ಷ ಚಳಿಗಾಲದಲ್ಲಿ, ಹೊಳೆದಂಡೆಯ ಗುಡಿಗಳನ್ನು ನೋಡಬೇಕು, ಬಸ್ ಸರಿಯಾಗಿಲ್ಲ, ನೀವೇ ಬೈಕ್ ಮೇಲೆ ಕರೆದುಕೊಂಡು ಹೋಗಿ ಅಂದಳು. ಹೋದೆವು. ಗುತ್ತಲ ದಾಟಿ ಚೌಡದಾನಪುರ. ರಾಣೆಬೆನ್ನೂರು ತಾಲೂಕಿಗೆ ಸೇರಿದ ಚಿಕ್ಕ ಹಳ್ಳಿ. ಪಕ್ಕದಲ್ಲಿ ತುಂಗಭದ್ರೆ. ದಂಡೆಯ ಮೇಲೆ ಮುಕ್ತೇಶ್ವರನ ಗುಡಿ.

ನೀವು ಯಾರಾದರೂ ಅಲ್ಲಿಗೆ ಹೋಗಿದ್ದೀರಾ? ಹಾವೇರಿಯಿಂದ ದೂರವೇನೂ ಇಲ್ಲ. ಹೋಗಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ, ಸಮಿತಿಯವರೆಲ್ಲಾ ಒಂದು ಟೆಂಪೋ ಮಾಡಿಕೊಂಡಾದರೂ ಹೋಗಿ. ನಾನು ಗೌಂಡಿ ಕಣ್ಣಿನಿಂದ ನೋಡಿದೆ. ಶಿಖರದ ಒಂದೊಂದು ಅಂತಸ್ತೂ ಕೆಳಗಿನದಕ್ಕೆ ಎಷ್ಟು ಒಳಗೆ ಸರಿದಿರಬೇಕೋ ಅಷ್ಟೇ ಸರಿದಿದೆ. ಗೋಡೆಯಲ್ಲಿ ನೇರ ಗೆರೆ ಎಲ್ಲಿಯೂ ಬೇಸರ ಬರುವಷ್ಟು ಉದ್ದ ಓಡುವುದಿಲ್ಲ. ಒಂದು ಗೇಣಿಗೆ ಮುರಿಯುತ್ತದೆ, ಮೂಲೆ ಆಗುತ್ತದೆ, ನೆರಳು ಬೀಳುತ್ತದೆ. ಬಣ್ಣ ಬೇಕಾಗಿಯೇ ಇಲ್ಲ. ಬಿಸಿಲು ಹೊತ್ತು ಹೊತ್ತಿಗೆ ಬೇರೆ ಬೇರೆ ಬಣ್ಣ ಹಚ್ಚುತ್ತದೆ.

ಅಂಗಳದಲ್ಲಿ ಆಳೆತ್ತರ ಮೀರಿದ ಶಾಸನಗಳು. ಹಳಗನ್ನಡ ಅಕ್ಷರ, ಕಲ್ಲಿನ ತುಂಬಾ. ಮಗಳು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಹೋದಳು. ಗುತ್ತಲವನ್ನು ಆಳಿದ ಗುತ್ತ ಅರಸರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ಅಂತ ಹೇಳಿಕೊಳ್ಳುತ್ತಿದ್ದರಂತೆ. 1225ರಲ್ಲಿ ಶಿವದೇವ ಎಂಬ ಗುರು ಈ ಕ್ಷೇತ್ರಕ್ಕೆ ಬಂದು ನೆಲೆ ನಿಂತದ್ದು ಇಲ್ಲಿಯ ಕಲ್ಲಿನಿಂದಲೇ ತಿಳಿಯುತ್ತದಂತೆ. ಇವತ್ತು ಬೆಳಿಗ್ಗೆ ನಾಲ್ಕು ಗಾಡಿ ಹೋಗದ ಊರು ಅದು. ಅಲ್ಲಿ ಎಂಟುನೂರು ವರ್ಷದ ಹಿಂದೆ ಯಾರು ಬಂದರು, ಯಾರು ಏನು ಕೊಟ್ಟರು, ಎಲ್ಲಾ ಬರೆದಿಟ್ಟಿದ್ದಾರೆ.

ಆಮೇಲೆ ಅವಳು ಶಾಸನದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಅಂತ ನನಗೆ ಹೇಳಿದಳು. ಮೊದಲು ಅರಸನ ಹೆಸರು, ಆಮೇಲೆ ಆ ಭಾಗ ನೋಡಿಕೊಳ್ಳುವವನ ಹೆಸರು, ಆಮೇಲೆ ಊರು, ತಿಥಿ, ವಾರ. ಆಮೇಲೆ ದಾನ. ದೇವರ ನಂದಾದೀವಿಗೆಗೆ ಗಾಣದವರು ಇಷ್ಟು ಎಣ್ಣೆ, ಪೂಜೆಗೆ ಇಷ್ಟು ಮತ್ತರು ಹೊಲ, ಓದುವ ಹುಡುಗರ ಊಟಕ್ಕೆ ಇಷ್ಟು ಗದ್ಯಾಣ, ಅಂದರೆ ಆ ಕಾಲದ ಹೊನ್ನಿನ ನಾಣ್ಯ. ಹೊಲದ ಮೇರೆ ಎಲ್ಲಿಂದ ಎಲ್ಲಿಗೆ. ಯಾವ ಹಳ್ಳ, ಯಾವ ಮರ, ಯಾವ ಬಂಡೆ. ಕೊನೆಗೆ ಒಂದು ಶಾಪ. “ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ…” ತಾನು ಕೊಟ್ಟದ್ದಿರಲಿ, ಇನ್ನೊಬ್ಬರು ಕೊಟ್ಟದ್ದಿರಲಿ, ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳವಾಗಿ ಹುಟ್ಟುತ್ತಾನೆ. ಬಹಳಷ್ಟು ಶಾಸನಗಳ ಕೊನೆಯಲ್ಲಿ ಈ ಶ್ಲೋಕ ಇರುತ್ತದಂತೆ.

ಶಾಸನದ ಕೊನೆ ಅಂದರೆ ಕಲ್ಲಿನ ಕೆಳಗಿನ ಭಾಗ. ನಾನು ಗ್ರೈಂಡರ್ ಹಚ್ಚಿದ್ದೂ ಕೆಳಗಿನ ಮೂಲೆಗೇ. ಹೊಳೆದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದಾಗ ನನಗೆ ರೊಟ್ಟಿ ಇಳಿಯಲಿಲ್ಲ. ಮಗಳಿಗೆ ಅಲ್ಲಿಯೇ ಎಲ್ಲಾ ಹೇಳಿದೆ. ಅವಳು ಬಯ್ಯಲಿಲ್ಲ. “ಎಷ್ಟು ಸಾಲು ಉಳಿದಿರಬಹುದು ಅಪ್ಪಾ?” ಅಂತ ಕೇಳಿದಳು.

ಆವತ್ತಿನಿಂದ ರಜೆ ಸಿಕ್ಕಾಗೆಲ್ಲಾ ನಾನು ಗುಡಿ ನೋಡಲು ಹೋಗುತ್ತಿದ್ದೇನೆ. ವರದಾ ಮತ್ತು ತುಂಗಭದ್ರೆ ಕೂಡುವ ಗಳಗನಾಥಕ್ಕೆ ಹೋದೆ. ನಾನು ಹುಟ್ಟಿದ ಹೊಳೆ ಎಲ್ಲಿ ಮುಗಿಯುತ್ತದೆ ಅಂತ ಇಷ್ಟು ವರ್ಷ ನೋಡಿರಲೇ ಇಲ್ಲ. ಅಲ್ಲಿಯ ಗಳಗೇಶ್ವರ ಗುಡಿಯ ಬುಡ ನೋಡಿ ನಿಂತುಬಿಟ್ಟೆ. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು, ಗುಡ್ಡದ ಇಳಿಜಾರಿನ ಹಾಗೆ. ಹಾವೇರಿಯ ಪುರದ ಸಿದ್ಧೇಶ್ವರ ಗುಡಿಯ ಮುಂದೆ ಚಿಕ್ಕಂದಿನಿಂದ ಓಡಾಡಿದ್ದೇನೆ, ಅದು ಪಶ್ಚಿಮಕ್ಕೆ ಮುಖ ಮಾಡಿದೆ ಅಂತ ಮೊನ್ನೆ ಗಮನಿಸಿದೆ. ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಇರುತ್ತವೆ ಅಲ್ವಾ.

ಗದಗ ಜಿಲ್ಲೆಯ ಡಂಬಳಕ್ಕೂ ಹೋದೆ. ಅಲ್ಲಿಯ ದೊಡ್ಡಬಸಪ್ಪನ ಗುಡಿಯನ್ನು ನಮ್ಮ ಕಸುಬಿನ ಪ್ರತಿಯೊಬ್ಬನೂ ನೋಡಬೇಕು. ಗರ್ಭಗುಡಿಯ ಹೊರಗೋಡೆ ನಕ್ಷತ್ರದ ಹಾಗಿದೆ, 24 ಮೂಲೆ. ಒಂದು ಚೌಕ ಹಾಕಿಕೊಳ್ಳಿ. ನಡುವಿನ ಚುಕ್ಕಿ ಅಲುಗದ ಹಾಗೆ ಅದನ್ನು 15 ಡಿಗ್ರಿ ತಿರುಗಿಸಿ ಮತ್ತೊಂದು ಚೌಕ ಹಾಕಿ. ಹೀಗೆ ಆರು ಚೌಕ. ಆರು ನಾಲ್ಕಲಿ 24 ಮೂಲೆ. ಕಾಗದದ ಮೇಲೆ ನಾನೂ ಹಾಕಿದೆ, ಎರಡು ಸಲ ತಪ್ಪಿತು. ಅವರು ಅದನ್ನು ನೆಲದ ಮೇಲೆ ಹಾಕಿ, ಬುಡದಿಂದ ಶಿಖರದ ತುದಿವರೆಗೂ ಆ 24 ಮೂಲೆಗಳನ್ನು ತಪ್ಪದೆ ಒಯ್ದಿದ್ದಾರೆ. ಲೇಸರ್ ಲೆವೆಲ್ ಇಲ್ಲ, ಥಿಯೋಡೊಲೈಟ್ ಇಲ್ಲ. ಗೂಟ, ಹಗ್ಗ, ತೂಗುಗುಂಡು. ನನ್ನ ಕಸುಬಿನ ಹಿರಿಯರು ಅವರು. ನನ್ನ ಅಜ್ಜನ ಅಜ್ಜನ ಅಜ್ಜ ಆ ಕಲ್ಲು ಹೊತ್ತಿರಬಹುದು. ಇಂಥವರ ಕೆಲಸದ ಮೇಲೆ ನಾನು ಗ್ರೈಂಡರ್ ಇಟ್ಟೆ.

ಈಗ ಸಮಿತಿಯ ಹಿರಿಯರೇ, ನಿಮ್ಮ ಮಾತಿಗೆ ಬರುತ್ತೇನೆ.

ಮಾತಾಡಿದ ಕಡೆಯೆಲ್ಲಾ ನನಗೆ ಒಂದೇ ಉತ್ತರ ಸಿಕ್ಕಿತು. ನಮ್ಮದು ಲಕ್ಕುಂಡಿಯಲ್ಲ, ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲ, ನಮ್ಮೂರ ಗುಡಿಗೆ ಅಂಥ ಇತಿಹಾಸ ಏನೂ ಇಲ್ಲ ಅಂತ. ಅದು ನಿಮಗೆ ಹೇಗೆ ಗೊತ್ತು? ಓದಿ ನೋಡಿದ್ದೀರಾ? ಲಕ್ಕುಂಡಿಯ ಅತ್ತಿಮಬ್ಬೆಯನ್ನೇ ತೆಗೆದುಕೊಳ್ಳಿ. ದಾನಚಿಂತಾಮಣಿ ಅಂತ ಕರೆಸಿಕೊಂಡ ತಾಯಿ. ಅವಳು ಅಲ್ಲಿ ಬಸದಿ ಕಟ್ಟಿಸಿದ್ದು 1007ರಲ್ಲಿ ಅಂತ ನಾವು ಇವತ್ತು ಧೈರ್ಯವಾಗಿ ಹೇಳುತ್ತೇವೆ. ಕಲ್ಲು ಉಳಿದಿದೆ, ಅದಕ್ಕೇ ಹೇಳುತ್ತೇವೆ. ರೋಣ ತಾಲೂಕಿನ ಕಡೆಯ ಸೂಡಿಯಲ್ಲಿ ಅಕ್ಕಾದೇವಿ ಇದ್ದಳು. ಚಾಲುಕ್ಯ ದೊರೆ ಜಯಸಿಂಹನ ಸೋದರಿ, ಕಿಸುಕಾಡು ಎಪ್ಪತ್ತನ್ನು ಆಳಿದವಳು. ಸಾವಿರ ವರ್ಷದ ಹಿಂದೆ ಹೆಣ್ಣುಮಗಳೊಬ್ಬಳು ನಮ್ಮ ನಾಡಿನಲ್ಲಿ ಎಪ್ಪತ್ತು ಹಳ್ಳಿ ಆಳಿದ್ದಕ್ಕೆ ಸಾಕ್ಷಿ ಏನು? ಕಲ್ಲೇ. ಲಕ್ಕುಂಡಿ ಆಗ ಲೊಕ್ಕಿಗುಂಡಿ, ಹಾನಗಲ್ಲು ಪಾನುಂಗಲ್ಲು, ಲಕ್ಷ್ಮೇಶ್ವರ ಪುಲಿಗೆರೆ. ನಿಮ್ಮೂರಿಗೂ ಒಂದು ಹಳೇ ಹೆಸರು ಇರಬಹುದು. ನಿಮ್ಮ ಕೆರೆ ಕಟ್ಟಿಸಿದವರ ಹೆಸರು ಇರಬಹುದು. ನವರಂಗದ ಒಂದು ಹಾಸುಗಲ್ಲಿನ ಮೇಲೆ, ದನದ ಕೊಟ್ಟಿಗೆಯ ಗೋಡೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಕೆಳ ಮಗ್ಗುಲಲ್ಲಿ ಅದು ಕಾಯುತ್ತಾ ಕೂತಿರಬಹುದು.

ಧಾರವಾಡದಲ್ಲಿ ನೌಕರಿ ಮಾಡಿದ ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿ ಹೆಚ್ಚುಕಡಿಮೆ ಇನ್ನೂರು ವರ್ಷದ ಹಿಂದೆ ಈ ಭಾಗದ ಶಾಸನಗಳನ್ನು ಹುಡುಕಿಸಿ, 595 ಪ್ರತಿ ಮಾಡಿಸಿಟ್ಟ. ಎಲ್ಲಿಂದಲೋ ಬಂದವನು ಅವನು. ಧಾರವಾಡದಲ್ಲೇ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಇದೆ. ಶಾಸನ ಓದಬಲ್ಲವರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ. ಕೇಳುವವರು ನಾವು ಕೇಳಬೇಕಷ್ಟೇ.

ಇನ್ನೊಂದು ಮಾತು ಹೇಳುತ್ತಾರೆ. ಗುಡಿ ಅಂದರೆ ದೇವರು ಇರುವ ಜಾಗ, ಮ್ಯೂಸಿಯಂ ಅಲ್ಲ, ಭಕ್ತರಿಗೆ ಚೊಕ್ಕ ಇರಬೇಕು, ಚೆಂದ ಇರಬೇಕು ಅಂತ. ಇದು ನ್ಯಾಯವಾದ ಮಾತು. ನನಗೂ ಗುಡಿಯಲ್ಲಿ ಗಂಟೆ ಬಾರಿಸಬೇಕು, ದೀಪ ಉರಿಯಬೇಕು, ಶ್ರಾವಣ ಸೋಮವಾರ ಜನ ತುಂಬಿರಬೇಕು. ಪೂಜೆ ನಿಂತ ಗುಡಿ ಬೇಗ ಹಾಳಾಗುತ್ತದೆ, ಅದನ್ನೂ ಕಂಡಿದ್ದೇನೆ. ಆದರೆ ಚೊಕ್ಕ ಮಾಡುವುದಕ್ಕೆ ಗ್ರಾನೈಟ್ ಯಾಕೆ? ನಮ್ಮ ಅಮ್ಮ ಅಟ್ಟದ ಹಿತ್ತಾಳೆ ಸಾಮಾನು ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದಳು, ಅದರ ಮೇಲೆ ಪೇಂಟ್ ಬಳಿಯುತ್ತಿರಲಿಲ್ಲ. ಗ್ರಾನೈಟ್ ಇನ್ನೊಂದು ಕೆಲಸ ಮಾಡುತ್ತದೆ. ಒದ್ದೆ ಕಾಲಿಗೆ ಜಾರುತ್ತದೆ. ಪ್ರದಕ್ಷಿಣೆ ಹಾಕುವ ಮುದುಕರು ಬಿದ್ದ ಗುಡಿಗಳು ಎಷ್ಟೋ. ಹಳೇ ಹಾಸುಗಲ್ಲಿನ ಮೇಲೆ ಯಾರೂ ಜಾರಿದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಹೊರಗಿನ ಗ್ರಾನೈಟ್ ಕಾಲು ಸುಡುವುದು ನಿಮಗೇ ಗೊತ್ತು.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಕೆಲಸದವನಾಗಿ ನನಗೆ ತಿಳಿದದ್ದು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಫೋಟೋ. ಒಂದು ಕಲ್ಲನ್ನೂ ಅಲುಗಿಸುವ ಮುಂಚೆ, ಒಳಗೆ ಹೊರಗೆ, ನೆಲ, ಕಂಬ, ಛಾವಣಿ, ಎಲ್ಲಾ ಮೊಬೈಲಿನಲ್ಲಿ ತೆಗೆದಿಡಿ. ಅಕ್ಷರ ಕಂಡರೆ ಅದರ ಮೇಲೆ ಸೀಮೆಸುಣ್ಣ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಂದ, ಓರೆಯಾಗಿ ಹಿಡಿಯಿರಿ. ಹಗಲಿನಲ್ಲಿ ಕಾಣದ ಅಕ್ಷರ ಆಗ ಎದ್ದು ಕಾಣುತ್ತದೆ. ನಮ್ಮ ಹುಡುಗರು ಇದನ್ನು ಒಮ್ಮೆ ಮಾಡಿ ನೋಡಲಿ, ಆಮೇಲೆ ಅವರೇ ಬಿಡುವುದಿಲ್ಲ. ಓದಬಲ್ಲವರು ಬಂದರೆ ಪಡಿಯಚ್ಚು ತೆಗೆಯುತ್ತಾರೆ. ನಾನು ನೋಡಿದ್ದೇನೆ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಶ್‌ನಿಂದ ಮೆಲ್ಲಗೆ ತಟ್ಟುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮೇಲೆ ಮಸಿಯ ಬಟ್ಟೆ ಉಂಡೆಯಿಂದ ಒತ್ತಿದರೆ ಎಲ್ಲಾ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕಲ್ಲಿಗೆ ಏನೂ ಆಗುವುದಿಲ್ಲ.

ಗುಡಿಯ ಮುಂದೆ ಪುರಾತತ್ವ ಇಲಾಖೆಯ ಬೋರ್ಡ್ ಇದ್ದರೆ, ಅದು ಕೇಂದ್ರದ್ದೋ ರಾಜ್ಯದ್ದೋ ನೋಡಿ. ಎರಡೂ ಕಡೆ ಕಾನೂನು ಇದೆ. ಕೇಂದ್ರದ್ದು 1958ರ ಕಾಯ್ದೆ, ರಾಜ್ಯದ್ದು 1961ರದ್ದು. ಕೇಂದ್ರದ ಸಂರಕ್ಷಿತ ಗುಡಿಯ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಗೆ ಇನ್ನೂ 200 ಮೀಟರಿನವರೆಗೆ ಅನುಮತಿ ಬೇಕು. ಇದು 2010ರಿಂದ ಕಟ್ಟುನಿಟ್ಟಾಗಿದೆ. ಆದರೆ ನನ್ನ ಚಿಂತೆ ಬೋರ್ಡ್ ಇಲ್ಲದ ಗುಡಿಗಳದ್ದು. ಊರೂರಿಗೆ ಇರುವ ಕಲ್ಮೇಶ್ವರ, ರಾಮಲಿಂಗ, ಸೋಮೇಶ್ವರ, ಹನುಮಪ್ಪನ ಗುಡಿಗಳದ್ದು. ಅವುಗಳಿಗೆ ನೀವೇ ಇಲಾಖೆ.

ಮೇಲಿನಿಂದ ಸೋರುತ್ತಿದ್ದರೆ ಛಾವಣಿ ಮೇಲೆ ಹತ್ತಿ ನೋಡಿ. ಬಹಳ ಕಡೆ ಅಲ್ಲಿ ಅರಳಿ ಗಿಡ ಇರುತ್ತದೆ. ಜಾತ್ರೆ ಮುಂದೆ ಅದನ್ನು ಕಡಿದು ಬರುತ್ತೇವೆ, ಬೇರು ಒಳಗೇ ಉಳಿದು ಮುಂದಿನ ವರ್ಷ ಇಮ್ಮಡಿ ಚಿಗುರುತ್ತದೆ. ಎಳೆದು ಕಿತ್ತರೆ ಕಲ್ಲೇ ಜರುಗುತ್ತದೆ. ಕಾಂಡ ಕಡಿದು, ಬೇರು ಸಾಯುವಂತೆ ಮಾಡಿ, ಅದು ಪೂರ್ತಿ ಒಣಗಿದ ಮೇಲೆ ತೆಗೆಯಬೇಕು. ತಾಳ್ಮೆ ಬೇಕು. ಸಂದಿಗೆ ಸಿಮೆಂಟ್ ತುಂಬಬೇಡಿ. ಸುಣ್ಣದ ಗಾರೆ ತುಂಬಿಸಿ. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ಮರಳು, ಇಟ್ಟಿಗೆ ಪುಡಿ ಕೂಡಿಸಿ, ಬೆಲ್ಲ ಮತ್ತು ಅಳಲೆಕಾಯಿ ನೀರು ಬೆರೆಸಿ ಅರೆದ ಗಾರೆ. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು, ನನ್ನ ಅಜ್ಜ ಆ ಕೆಲಸ ಮಾಡಿದವನು. ಸುಣ್ಣ ನೀರನ್ನು ತಡೆಯುತ್ತದೆ, ಪಸೆಯನ್ನು ಹೊರಗೂ ಬಿಡುತ್ತದೆ. ಕಲ್ಲು ಕದಲಿದರೆ ತಾನೂ ಸ್ವಲ್ಪ ಬಾಗುತ್ತದೆ. ಸಿಮೆಂಟಿಗೆ ಆ ಗುಣ ಇಲ್ಲ.

ಹೊರಗಿನ ಅಂಗಳ ಎತ್ತರಿಸಬೇಡಿ. ಆಗಲೇ ಎತ್ತರ ಆಗಿದ್ದರೆ ಅಗೆದು ಇಳಿಸಿ. ನಾನು ಹೇಳುವ ಎಲ್ಲದರಲ್ಲಿ ಇದೇ ಸಸ್ತಾ ಕೆಲಸ, ಇದೇ ದೊಡ್ಡ ಉಪಕಾರ. ಜಗಲಿಯ ಪೂರ್ತಿ ಬುಡ ಕಾಣಬೇಕು, ನೀರು ಗುಡಿಯಿಂದ ದೂರ ಓಡಬೇಕು. ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ.

ಬಳಪದ ಕಲ್ಲಿನ ಗುಡಿ ಇದ್ದರೆ ಇನ್ನೂ ಜಾಸ್ತಿ ಜೋಪಾನ. ನಮ್ಮ ಭಾಗದ ಹನ್ನೊಂದು, ಹನ್ನೆರಡನೇ ಶತಮಾನದ ಗುಡಿಗಳಲ್ಲಿ ಈ ಕಲ್ಲೇ ಬಹಳ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಈ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಗುಡಿಗಳಲ್ಲೊಂದು. ಗಣಿಯಿಂದ ತೆಗೆದಾಗ ಮೆತ್ತಗೆ ಇರುತ್ತದೆ, ಗಾಳಿಗೆ ಬರುಬರುತ್ತಾ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು, ಅದಕ್ಕೇ ಕಂಬವನ್ನು ತಿರುಗಣಿಗೆ ಹಾಕಿ ತಿರುವಿ ಬಳೆ ಬಳೆಯಾಗಿ ಕಡೆಯಲು ಬಂತು. ಅಂಥ ಕಲ್ಲಿಗೆ ಆ್ಯಸಿಡ್ ಸುರಿದರೆ, ಮರಳು ಊದುವ ಮಷಿನ್ ಹಚ್ಚಿದರೆ, ಮೇಲಿನ ಪದರವೇ ಹೋಗುತ್ತದೆ. ಮೂರ್ತಿಯ ಮೂಗು, ಬೆರಳಿನ ಉಂಗುರ, ಎಲ್ಲಾ. ಮೆತ್ತನೆ ಬ್ರಶ್, ನೀರು, ಸಾಕು. ಹಳೇ ಸುಣ್ಣ ಬಳಿದಿದ್ದರೆ ಬಿದಿರಿನ ಚೂರಿನಿಂದ ಮೆಲ್ಲಗೆ ಎಬ್ಬಿಸಬಹುದು. ಲೈಟಿಗೆ, ಫ್ಯಾನಿಗೆ, ಮೈಕಿಗೆ ಕಂಬ ಕೊರೆಯಬೇಡಿ. ವೈರನ್ನು ಪಟ್ಟಿ ಕಟ್ಟಿ ನಿಲ್ಲಿಸಬಹುದು.

ದುಡ್ಡಿನ ಮಾತಿಗೂ ದಾರಿ ಇದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಹಳೇ ಗುಡಿಗಳನ್ನು ಅದೇ ಕಲ್ಲು, ಅದೇ ರೂಪ ಉಳಿಸಿ ಮತ್ತೆ ನಿಲ್ಲಿಸುವ ಕೆಲಸ ವರ್ಷಗಳಿಂದ ಮಾಡುತ್ತಿದೆ. ಸರ್ಕಾರ, ಟ್ರಸ್ಟ್, ಊರವರು ಸೇರಿ ಖರ್ಚು ಹಂಚಿಕೊಳ್ಳುತ್ತಾರೆ. ನೀವು ಎತ್ತಿದ ವಂತಿಗೆ ಅಲ್ಲಿ ಊರಿನ ಪಾಲು ಆಗಬಹುದು.

ಇಲಾಖೆಗಳ ಅಧಿಕಾರಿಗಳೇ, ನಿಮಗೂ ಒಂದು ವಿನಂತಿ. ಹಳ್ಳಿಯ ಸಮಿತಿಯವರು ಅರ್ಜಿ ಹಿಡಿದು ಬರುತ್ತಾರೆ. ಈ ಮೇಜಿನಿಂದ ಆ ಮೇಜಿಗೆ ಅಲೆದು ಎರಡು ಜಾತ್ರೆ ಕಳೆಯುತ್ತದೆ. ಆಮೇಲೆ ಅವರು ನನ್ನಂಥ ಗೌಂಡಿಯನ್ನು ಕರೆಯುತ್ತಾರೆ. ನಾನು ಮರುದಿನವೇ ಬರುತ್ತೇನೆ, ಟ್ರ್ಯಾಕ್ಟರಿನಲ್ಲಿ ಸಿಮೆಂಟ್ ಹಾಕಿಕೊಂಡು. ಅವರು ಯಾರ ಮಾತು ಕೇಳುತ್ತಾರೆ ಹೇಳಿ? ತಾಲೂಕಿಗೆ ಒಬ್ಬರಾದರೂ ಇರಲಿ. ಫೋನ್ ಮಾಡಿದರೆ ಹದಿನೈದು ದಿನದಲ್ಲಿ ಬಂದು ಗುಡಿ ನೋಡಿ, ಇದನ್ನು ಮುಟ್ಟಿ, ಇದನ್ನು ಮುಟ್ಟಬೇಡಿ ಅಂತ ಜಗಲಿ ಮೇಲೆ ಕೂತು ಊರವರಿಗೆ ಹೇಳುವವರು. ಮತ್ತೆ ನಮ್ಮಂಥ ಗೌಂಡಿಗಳಿಗೆ ಸುಣ್ಣದ ಕೆಲಸ ಕಲಿಸಿ. ನಮ್ಮಲ್ಲಿ ಅದು ಒಂದು ತಲೆಮಾರಿನ ಹಿಂದೆ ಇತ್ತು, ಸುಮ್ನೆ ಬಿಟ್ಟುಬಿಟ್ಟೆವು. ಕೈಗೆ ಮರೆತಿಲ್ಲ. ಕಲಿಸಿದರೆ ಕಲಿಯುತ್ತೇವೆ. ನಾನು ಮೊದಲು ಬರುತ್ತೇನೆ.

ಕೊನೆಗೆ ಆ ಕಲ್ಮೇಶ್ವರನ ಊರಿನ ಹಿರಿಯರಿಗೆ. ನೀವು ಈ ಪತ್ರ ಓದಿದರೆ ನಿಮ್ಮ ಗುಡಿ ಇದೇ ಅಂತ ನಿಮಗೆ ತಿಳಿದೇ ತಿಳಿಯುತ್ತದೆ. ಹೋದ ತಿಂಗಳು ನಾನು ಬಂದು ನಿಮ್ಮ ಮುಂದೆ ಕೂತು ಎಲ್ಲಾ ಹೇಳಿದೆ. ನೀವು ಸಿಟ್ಟಾಗಲಿಲ್ಲ, ಚಹಾ ಕುಡಿಸಿದಿರಿ, ವಿಚಾರ ಮಾಡಿ ಹೇಳುತ್ತೇವೆ ಅಂದಿರಿ. ಜೋಳ ಮಾರಿ ದುಡ್ಡು ಕೊಟ್ಟಿದ್ದ ಅಜ್ಜಿ ಈಗಿಲ್ಲ ಅಂತ ಆವತ್ತೇ ತಿಳಿಯಿತು. ಅವಳ ಹೆಸರು ಗ್ರಾನೈಟಿನ ದಾನಿಗಳ ಪಟ್ಟಿಯಲ್ಲಿ ಇದೆ. ಆ ಫಲಕ ಇರಲಿ. ಅದನ್ನು ಹೊರಗಿನ ಕಟ್ಟೆಗೆ ಕೂಡಿಸಿ ಕೊಡುತ್ತೇನೆ, ಅವಳೂ ಕಲ್ಮೇಶ್ವರನಿಗೆ ದಾನ ಕೊಟ್ಟವಳೇ.

ಎಡಗಡೆಯ ಕಂಬದ ಬುಡದಲ್ಲಿ ಮೂರು ಗ್ರಾನೈಟ್ ಎಬ್ಬಿಸಿದರೆ ಆ ಕಲ್ಲು ಸಿಗುತ್ತದೆ. ಮಷಿನ್ ತರುವುದಿಲ್ಲ. ಉಳಿ, ಮರದ ಸುತ್ತಿಗೆ, ಬಿದಿರಿನ ಚೂರು, ಅಷ್ಟೇ. ಅಕ್ಷರದೊಳಗಿನ ಸಿಮೆಂಟನ್ನು ಒಂದೊಂದೇ ಕಾಳಿನಂತೆ ಬಿಡಿಸಬೇಕು, ನಾಲ್ಕು ದಿನ ಹಿಡಿಯಬಹುದು. ಮಗಳು ಕಾಗದ, ಮಸಿ ತರುತ್ತಾಳೆ. ಕೂಲಿ ಬೇಡ. ನವರಾತ್ರಿ ಮುಗಿದ ಮೇಲೆ, ನೀವು ಹೇಳಿದ ದಿನ ಬರುತ್ತೇನೆ. ಸಾಮಾನು ಗಾಡಿಯ ಡಬ್ಬಿಯಲ್ಲೇ ಇಟ್ಟಿದ್ದೇನೆ.

ಇಂತಿ ನಿಮ್ಮವ,
ಒಬ್ಬ ಗೌಂಡಿ, ಹುಬ್ಬಳ್ಳಿ